ಫೋಟೋ ಎಲ್ಲಾ ಚಲೋ ಬಂದಾವ, ಜ್ವರ ಯಾಕ ಹೋಗವಲ್ದು? (ಪೇಸ್‌ಮೇಕರ್, ಕೀವು ಮತ್ತು ಚಿತ್ರಗಳ ಕಥೆ)

ಎದೆಯೊಳಗೆ ಹುದುಗಿಸುವ ಪೇಸ್‌ಮೇಕರ್ ಹುಟ್ಟಿದ್ದಕ್ಕೆ ಒಂದು ಮುಖ್ಯ ಕಾರಣ ಸೋಂಕಿನ ಭಯ ಅಂದ್ರೆ ನಂಬ್ತೀರಾ? ನನಗೂ ಮೊದಲು ಗೊತ್ತಿರಲಿಲ್ಲ. ಬ್ಯಾಟರಿಯನ್ನು ದೇಹದ ಒಳಗೆ ಇಟ್ಟಿದ್ದು ನೋಡೋಕೆ ಚಂದ ಇರಲಿ ಅಂತಲ್ಲ, ಓಡಾಡೋಕೆ ಅನುಕೂಲ ಅಂತ ಮಾತ್ರವೂ ಅಲ್ಲ. ಹೊರಗಿನಿಂದ ಚರ್ಮ ತೂರಿ ಒಳಗೆ ಹೋಗುತ್ತಿದ್ದ ವೈರಿನ ಜೊತೆಗೆ ಕ್ರಿಮಿಗಳೂ ಒಳಗೆ ಹೋಗುತ್ತಿದ್ದವು. ಅದನ್ನು ತಪ್ಪಿಸಬೇಕಿತ್ತು.

ಈ ವಿಷಯದ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ನಮ್ಮ ಕುಪ್ಪೇಲೂರಿನಂಥ ಊರಲ್ಲೂ ಈಗ ಪೇಸ್‌ಮೇಕರ್ ಹಾಕಿಸಿಕೊಂಡವರು ಸಿಗುತ್ತಾರೆ. "ಅವಂಗ ಎದಿಯಾಗ ಮಶೀನ್ ಹಾಕ್ಯಾರ" ಅಂತ ಹೇಳೋದು ಈಗ ಯಾರಿಗೂ ವಿಶೇಷ ಅನ್ನಿಸೋದಿಲ್ಲ. ಆದರೆ ಆ ಮಶೀನಿಗೆ ಸೋಂಕು ತಗುಲಿದರೆ ಅದನ್ನು ಕಂಡುಹಿಡಿಯೋದು ಹೇಗೆ ಅನ್ನೋ ಪ್ರಶ್ನೆಗೆ ಉತ್ತರ ಹುಡುಕಲು ವೈದ್ಯರಿಗೆ ಹೆಚ್ಚೂಕಡಿಮೆ ಅರವತ್ತು ವರ್ಷ ಹಿಡಿಯಿತು. ಆ ಕಥೆ ಇದು. ಸ್ವಲ್ಪ ಉದ್ದ ಇದೆ, ಟೀ ಮಾಡಿಕೊಂಡು ಕೂತರೆ ಒಳ್ಳೆಯದು :-)

ವೈರು ಹೊರಗಿದ್ದ ಕಾಲ

1952ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಪಾಲ್ ಝೋಲ್ ಎಂಬ ವೈದ್ಯರು ಎದೆಯ ಚರ್ಮದ ಮೇಲಿಂದಲೇ ಕರೆಂಟು ಕೊಟ್ಟು ನಿಂತುಹೋಗುತ್ತಿದ್ದ ಹೃದಯವನ್ನು ಬಡಿಸಿದರು. ಜೀವ ಉಳಿಯುತ್ತಿತ್ತು, ಆದರೆ ಪ್ರತಿ ಬಡಿತಕ್ಕೂ ನೋವು, ಚರ್ಮ ಸುಡುವುದು ಬೇರೆ. ಮುಂದೆ ಮಿನಿಯಾಪೊಲಿಸ್‌ನಲ್ಲಿ ಮಕ್ಕಳ ಹೃದಯದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ವಾಲ್ಟನ್ ಲಿಲ್ಲೆಹೈ ಹೃದಯಕ್ಕೇ ಸಣ್ಣ ವೈರು ಹೊಲಿದು, ಅದರ ತುದಿಯನ್ನು ಎದೆಯಿಂದ ಹೊರಗೆ ತಂದು, ಗೋಡೆಯ ಪ್ಲಗ್ಗಿಗೆ ಜೋಡಿಸಿದ ಯಂತ್ರಕ್ಕೆ ಸೇರಿಸತೊಡಗಿದರು. 1957ರ ಅಕ್ಟೋಬರ್ 31ರಂದು ಆ ಊರಲ್ಲಿ ಕರೆಂಟು ಹೋಯಿತು. ಕರೆಂಟು ಹೋದರೆ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ! ಆಮೇಲೆ ಅರ್ಲ್ ಬ್ಯಾಕನ್ ಎಂಬ ರಿಪೇರಿ ಇಂಜಿನಿಯರು ಬ್ಯಾಟರಿಯಿಂದ ನಡೆಯುವ, ಕೊರಳಿಗೆ ತೂಗುಹಾಕಿಕೊಳ್ಳಬಹುದಾದ ಪೆಟ್ಟಿಗೆ ಮಾಡಿಕೊಟ್ಟರು.

ಕರೆಂಟಿನ ಚಿಂತೆ ಹೋಯಿತು, ಚರ್ಮದಲ್ಲಿನ ತೂತು ಉಳಿಯಿತು. ಕೆಲವು ದಿನ ವೈರು ಇಟ್ಟು ಕಿತ್ತುಬಿಡುವ ಮಕ್ಕಳಿಗೆ ಪರವಾಗಿಲ್ಲ. ಜೀವಮಾನವಿಡೀ ಬೇಕಾದವರಿಗೆ? ವೈರು ಹಿಡಿದು ಕ್ರಿಮಿ ಒಳಗಿಳಿಯುತ್ತಿತ್ತು.

ಸ್ವೀಡನ್ನಿನಲ್ಲಿ ಓಕೆ ಸೆನ್ನಿಂಗ್ ಎಂಬ ಸರ್ಜನ್ನರಿಗೂ ರೂನೆ ಎಲ್ಮ್‌ಕ್ವಿಸ್ಟ್ ಎಂಬ ಇಂಜಿನಿಯರಿಗೂ ಕಾಡುತ್ತಿದ್ದುದು ಇದೇ. ಇಡೀ ಯಂತ್ರವನ್ನೇ ಒಳಗಿಟ್ಟು ಚರ್ಮ ಮುಚ್ಚಿಬಿಟ್ಟರೆ ಹೇಗೆ? ಆ ಹೊತ್ತಿಗೆ ಆರ್ನೆ ಲಾರ್ಸನ್ ಎಂಬ ರೋಗಿ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಮೂರ್ಛೆ ಹೋಗುತ್ತಿದ್ದರು. ಅವರ ಹೆಂಡತಿ ಎಲ್ಸ್-ಮರಿ ಪಟ್ಟುಬಿಡದೆ ಇಬ್ಬರ ಹಿಂದೆ ಬಿದ್ದರು. ಯಂತ್ರ ಇನ್ನೂ ತಯಾರಾಗಿಲ್ಲ ಅಂದರೆ, ಹಾಗಾದರೆ ತಯಾರು ಮಾಡಿ ಅನ್ನುವ ಹೆಂಗಸು. ಎಲ್ಮ್‌ಕ್ವಿಸ್ಟ್ ಬೂಟ್ ಪಾಲಿಶ್ ಡಬ್ಬಿಯ ಅಚ್ಚಿನಲ್ಲಿ ಇಪಾಕ್ಸಿ ಸುರಿದು ಯಂತ್ರ ಮಾಡಿದರು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಅದನ್ನು ಲಾರ್ಸನ್ ದೇಹದೊಳಗೆ ಇಟ್ಟರು. ಕೆಲವೇ ಗಂಟೆಯಲ್ಲಿ ಅದು ಕೆಟ್ಟಿತು, ಎರಡನೆಯದನ್ನು ಹಾಕಿದರು. ಲಾರ್ಸನ್ ತಮ್ಮ ಆಯುಷ್ಯದಲ್ಲಿ ಒಟ್ಟು 26 ಪೇಸ್‌ಮೇಕರ್ ಬದಲಾಯಿಸಿಕೊಂಡು, ತಮಗೆ ಯಂತ್ರ ಮಾಡಿಕೊಟ್ಟ ಇಂಜಿನಿಯರಿಗಿಂತಲೂ ಅದನ್ನು ಹಾಕಿದ ಸರ್ಜನ್ನರಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ 86ನೇ ವಯಸ್ಸಿಗೆ ತೀರಿಕೊಂಡರು.

ಚರ್ಮ ಮುಚ್ಚಿದ್ದರಿಂದ ಸೋಂಕಿನ ದಾರಿ ಬಹುಮಟ್ಟಿಗೆ ಮುಚ್ಚಿತು ನಿಜ. ಆದರೆ ಹಾಕುವಾಗ, ಬ್ಯಾಟರಿ ಬದಲಿಸುವಾಗ, ಅಥವಾ ರಕ್ತದ ಮೂಲಕ ಹೇಗೋ ಒಂದಿಷ್ಟು ಕ್ರಿಮಿ ಒಳಗೆ ಸೇರಿಕೊಂಡರೆ ಅದೇ ಮುಚ್ಚಿದ ಚರ್ಮ ಅದನ್ನು ನಮ್ಮ ಕಣ್ಣಿಂದ ಮರೆಮಾಡುತ್ತೆ. ಕಾಣದ್ದನ್ನು ನೋಡೋದಕ್ಕೆ ಚಿತ್ರ ಬೇಕಾಯಿತು.

ಎಕ್ಸ್-ರೇ ಹೇಳಿದ್ದು, ಹೇಳದೇ ಹೋದದ್ದು

1895ರ ನವೆಂಬರಿನಲ್ಲಿ ರಾಂಟ್ಜನ್ ಎಕ್ಸ್-ಕಿರಣ ಕಂಡುಹಿಡಿದರು. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ ತನ್ನ ತೋಳಿನ ರಕ್ತನಾಳದಿಂದ ತಾನೇ ಹೃದಯಕ್ಕೆ ಕೊಳವೆ ತೂರಿಸಿಕೊಂಡು, ಎಕ್ಸ್-ರೇ ಕೋಣೆಗೆ ನಡೆದುಹೋಗಿ ಫೋಟೋ ತೆಗೆಸಿಕೊಂಡ. ಆ ಫೋಟೋ ಇಲ್ಲದಿದ್ದರೆ ಯಾರೂ ನಂಬುತ್ತಿರಲಿಲ್ಲ. 1956ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಹುಮಾನ ಬಂತು. ಇವತ್ತು ಪೇಸ್‌ಮೇಕರಿನ ಲೀಡ್ ವೈರು ಹೋಗುವುದು ಇಂಥದೇ ದಾರಿಯಲ್ಲಿ: ಕಾಲರ್ ಬೋನ್ ಕೆಳಗೆ ಚರ್ಮದಡಿ ಒಂದು ಜೇಬು ಮಾಡಿ ಅಲ್ಲಿ ಯಂತ್ರ ಇಡುತ್ತಾರೆ, ಪಕ್ಕದ ರಕ್ತನಾಳದಿಂದ ವೈರು ಇಳಿಸಿ ಹೃದಯದ ಬಲಭಾಗಕ್ಕೆ ಮುಟ್ಟಿಸುತ್ತಾರೆ.

ಲೀಡ್ ಜಾಗ ಬಿಟ್ಟು ಸರಿದಿದೆಯಾ, ಮುರಿದಿದೆಯಾ ಅನ್ನೋದನ್ನು ಎಕ್ಸ್-ರೇ ಚೆನ್ನಾಗಿ ತೋರಿಸುತ್ತೆ. ಆದರೆ ಎಕ್ಸ್-ರೇ ಕಣ್ಣಿಗೆ ಕೀವು ಒಂದೇ, ಮಾಂಸ ಒಂದೇ, ನೀರೂ ಒಂದೇ. ವೈರಿಗೆ ಅಂಟಿದ ಸೋಂಕಿನ ಗಂಟು ಅದಕ್ಕೆ ಕಾಣೋದಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ "ಲೀಡ್ ಸ್ವಸ್ಥಾನದಲ್ಲಿದೆ" ಅಂತ ಬರುತ್ತೆ. ಅದು ಸುಳ್ಳಲ್ಲ. ಆದರೆ ನಾವು ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರಿಗೆ ಗೊತ್ತಿರುತ್ತೆ. ಮೇಲೆ ಕೆಂಪಗೆ, ಸುಕ್ಕು ಸುಕ್ಕಾಗಿ ಚೆನ್ನಾಗಿಯೇ ಇರುತ್ತೆ. ಮುರಿದು ನೋಡಿದರೆ ಒಳಗೆ ಬೂಷ್ಟು. ಮೆಣಸಿನಕಾಯಿಯನ್ನಾದರೆ ಮುರಿದು ನೋಡಬಹುದು...

ವೈರಿನ ಮೇಲೊಂದು ಲೋಳೆ

1982ರಲ್ಲಿ ಕೆನಡಾದ ಮೂವರು ವಿಜ್ಞಾನಿಗಳು, ಮ್ಯಾರಿ, ನೆಲಿಗನ್ ಮತ್ತು ಕಾಸ್ಟರ್ಟನ್, 'ಸರ್ಕ್ಯುಲೇಶನ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಆಂಟಿಬಯಾಟಿಕ್ ಕೊಟ್ಟರೂ ರಕ್ತದಲ್ಲಿ ಸ್ಟೆಫಿಲೋಕಾಕಸ್ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದ ರೋಗಿಯ ಪೇಸ್‌ಮೇಕರ್ ಲೀಡನ್ನು ಹೊರತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದ್ದರು. ಕಂಡದ್ದೇನು? ಕ್ರಿಮಿಗಳು ಒಂಟಿಯಾಗಿ ಇರಲಿಲ್ಲ. ತಾವೇ ಸ್ರವಿಸಿದ ದಪ್ಪ ಲೋಳೆಯೊಳಗೆ ಗುಂಪು ಗುಂಪಾಗಿ ಹುದುಗಿದ್ದವು.

ಇದನ್ನೇ ಬಯೋಫಿಲ್ಮ್ ಅಂತಾರೆ. ಕೆರೆಯ ಮೆಟ್ಟಿಲ ಮೇಲಿನ ಪಾಚಿ ನೆನಪಿಸಿಕೊಳ್ಳಿ. ಮೇಲಿಂದ ನೀರು ಸುರಿದರೆ ಹೋಗುತ್ತಾ? ಕೆರೆಯಬೇಕು. ಆಂಟಿಬಯಾಟಿಕ್ ರಕ್ತದಲ್ಲಿ ತೇಲುವ ಕ್ರಿಮಿಗಳನ್ನು ಕೊಲ್ಲುತ್ತೆ, ಜ್ವರ ಇಳಿಯುತ್ತೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಔಷಧಿ ನಿಲ್ಲಿಸಿದ ಕೆಲವು ವಾರಕ್ಕೆ ಲೋಳೆಯೊಳಗಿಂದ ಮತ್ತೆ ಕ್ರಿಮಿಗಳು ಹೊರಬೀಳುತ್ತವೆ. ಸೋಂಕು ತಗುಲಿದ ಯಂತ್ರವನ್ನೂ ಲೀಡನ್ನೂ ಪೂರ್ತಿ ತೆಗೆಯಲೇಬೇಕು ಎಂಬ ಇವತ್ತಿನ ನಿಯಮದ ಹಿಂದೆ ಇರುವ ತರ್ಕ ಇದು. ಹಾಗೆ ತೆಗೆಯುವುದು ಸಣ್ಣ ಕೆಲಸವಲ್ಲ. ವರ್ಷಗಟ್ಟಲೆ ಇದ್ದ ಲೀಡು ರಕ್ತನಾಳಕ್ಕೂ ಹೃದಯಕ್ಕೂ ಅಂಟಿಕೊಂಡಿರುತ್ತೆ, ಎಳೆಯುವಾಗ ಹರಿದರೆ ಜೀವಕ್ಕೇ ಕುತ್ತು. ಅದಕ್ಕೇ "ಸೋಂಕಿದೆಯಾ ಇಲ್ಲವಾ" ಅನ್ನೋ ಪ್ರಶ್ನೆಗೆ ಇಷ್ಟು ಬೆಲೆ. ಇದ್ದದ್ದನ್ನು ಇಲ್ಲ ಅಂದರೂ ಅಪಾಯ, ಇಲ್ಲದ್ದನ್ನು ಇದೆ ಅಂದರೂ ಅಪಾಯ.

ಹಡಗು ಕಟ್ಟುವಲ್ಲಿಂದ ಬಂದ ಯಂತ್ರ

ಈಗ ಮತ್ತೆ ಸ್ವೀಡನ್ನಿಗೆ ಹೋಗೋಣ. ಲುಂಡ್ ಎಂಬ ಊರಿನ ಹೃದಯ ವೈದ್ಯ ಇಂಗೆ ಎಡ್ಲರ್, ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಇಬ್ಬರೂ ಸೇರಿ ಹೃದಯವನ್ನು ಶಬ್ದದಿಂದ ನೋಡಬಹುದಾ ಅಂತ ಯೋಚಿಸಿದರು. ಪಕ್ಕದ ಮಾಲ್ಮೋ ಬಂದರಿನ ಕೊಕುಮ್ಸ್ ಹಡಗುಕಟ್ಟೆಯಲ್ಲಿ ಲೋಹದ ಬೆಸುಗೆಯಲ್ಲಿ ಬಿರುಕಿದೆಯಾ ಅಂತ ಪರೀಕ್ಷಿಸುವ ಅಲ್ಟ್ರಾಸೌಂಡ್ ಯಂತ್ರ ಇತ್ತು. ಅದನ್ನು ವಾರಾಂತ್ಯಕ್ಕೆ ಕಡ ತಂದು ಹರ್ಟ್ಸ್ ತಮ್ಮ ಎದೆಗೇ ಹಿಡಿದು ನೋಡಿದರು. 1953ರಲ್ಲಿ ಇಬ್ಬರೂ ಹೃದಯದ ಮೊದಲ ಎಕೋ ದಾಖಲಿಸಿದರು. ನಾವೀಗ ತಾಲ್ಲೂಕು ಮಟ್ಟದಲ್ಲೂ "ಎಕೋ ಮಾಡಿಸ್ರಿ" ಅಂತ ಕೇಳೋ ಪರೀಕ್ಷೆಯ ಮೂಲ ಅದು. 1977ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು.

1973ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಡಿಲ್ಲನ್, ಫೈಗನ್‌ಬಾಮ್ ಮತ್ತು ಸಂಗಡಿಗರು ಹೃದಯದ ಕವಾಟಗಳ ಮೇಲಿನ ಸೋಂಕಿನ ಗಂಟು, ಅಂದರೆ ವೆಜಿಟೇಶನ್, ಎಕೋದಲ್ಲಿ ಹೇಗೆ ಕಾಣುತ್ತೆ ಅಂತ ವಿವರಿಸಿದರು. ಅಲ್ಲಿಯವರೆಗೆ ಅದನ್ನು ಕಣ್ಣಾರೆ ನೋಡುತ್ತಿದ್ದುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ಇಲ್ಲವೇ ಶವಪರೀಕ್ಷೆಯಲ್ಲಿ. 1994ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಹೃದಯದ ಒಳಪದರದ ಸೋಂಕನ್ನು ನಿರ್ಧರಿಸಲು ಮಾನದಂಡಗಳನ್ನು ಮಾಡಿದಾಗ ಬ್ಲಡ್ ಕಲ್ಚರಿನ ಪಕ್ಕದಲ್ಲಿ ಎಕೋಗೆ ದೊಡ್ಡ ಸ್ಥಾನ ಕೊಟ್ಟರು.

ಪೇಸ್‌ಮೇಕರ್ ವಿಷಯದಲ್ಲಿ ಮಾತ್ರ ಎದೆಯ ಮೇಲಿಂದ ಮಾಡುವ ಎಕೋ ಸಾಲದು. ಪಕ್ಕೆಲುಬು, ಪುಪ್ಪುಸದ ಗಾಳಿ, ಲೋಹದ ವೈರಿನ ಮಿಂಚು ಎಲ್ಲ ಅಡ್ಡ ಬರುತ್ತವೆ. ಅನ್ನನಾಳದೊಳಗೆ ಕೊಳವೆ ಇಳಿಸಿ ಹೃದಯದ ಹಿಂಬದಿಯಿಂದ ನೋಡುವ ಟಿಇಇ ಎಷ್ಟು ವ್ಯತ್ಯಾಸ ಮಾಡುತ್ತೆ ಅನ್ನೋದಕ್ಕೆ ಫ್ರಾನ್ಸಿನ ಲಿಲ್ ನಗರದ ಕ್ಲುಗ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಲೀಡ್ ಸೋಂಕಿನ 52 ರೋಗಿಗಳು. ಎದೆಯ ಮೇಲಿಂದ ಮಾಡಿದ ಎಕೋದಲ್ಲಿ ಗಂಟು ಕಂಡದ್ದು ಶೇಕಡಾ 30ರಷ್ಟು ಜನರಲ್ಲಿ. ಟಿಇಇನಲ್ಲಿ? ಶೇಕಡಾ 94! "ಎಕೋ ನಾರ್ಮಲ್" ಎಂಬ ಎರಡು ಪದ ಓದುವಾಗ ಈ ಎರಡು ಅಂಕಿ ನೆನಪಿರಲಿ.

ನಮ್ಮ ಕಾಕಾನ ಕಡತ

ನಮ್ಮ ಕಾಕಾನಿಗೆ ಪೇಸ್‌ಮೇಕರ್ ಹಾಕಿ ಮೂರನೇ ವರ್ಷ ಜ್ವರ ಶುರುವಾಯಿತು. ಸಂಜೆಯಾದರೆ ಚಳಿ, ನಡುಕ, ರಾತ್ರಿ ಬೆವರು, ಜೊತೆಗೆ ಕೆಮ್ಮು. ಒಂದು ಕಡೆ ಟೈಫಾಯಿಡ್ ಅಂದರು, ಇನ್ನೊಂದು ಕಡೆ ನ್ಯುಮೋನಿಯಾ, ಆಮೇಲೆ ಟಿಬಿ ಇರಬಹುದು ಅಂತ ಕಫ ಪರೀಕ್ಷೆ. ಪ್ರತಿ ಸಲ ಐದಾರು ದಿನ ಆಂಟಿಬಯಾಟಿಕ್, ಜ್ವರ ಮಾಯ, ಹದಿನೈದು ದಿನಕ್ಕೆ ಮತ್ತೆ ಹಾಜರ್. ಎಕ್ಸ್-ರೇ, ಸ್ಕ್ಯಾನು, ಎಕೋ ಎಲ್ಲ ಪ್ಲಾಸ್ಟಿಕ್ ಕೈಚೀಲದಲ್ಲಿ ತುಂಬಿಕೊಂಡು ಓಡಾಡಿದೆವು. ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಾಕಾ ಕೇಳಿದ, "ತಮ್ಮಾ, ಫೋಟೋ ಎಲ್ಲಾ ಚಲೋ ಬಂದಾವ ಅಂತಾರ, ಮತ್ತ ಜ್ವರ ಯಾಕ ಹೋಗವಲ್ದು?"

ಇಡೀ ಶಾಸ್ತ್ರದ ಇತಿಹಾಸ ಆ ಒಂದು ಪ್ರಶ್ನೆಯಲ್ಲಿದೆ ಅಂತ ಈಗ ಅನ್ನಿಸುತ್ತೆ.

ಕೆಮ್ಮು ಯಾಕೆ ಬಂತು ಅಂತಲೂ ಹೇಳಿಬಿಡ್ತೀನಿ. ಲೀಡು ಇರುವುದು ಹೃದಯದ ಬಲಭಾಗದಲ್ಲಿ. ಅಲ್ಲಿಂದ ರಕ್ತ ನೇರ ಪುಪ್ಪುಸಕ್ಕೆ ಹೋಗುತ್ತೆ. ಲೀಡಿನ ಮೇಲಿನ ಗಂಟಿನಿಂದ ಚೂರು ಕಳಚಿದರೆ ಅದು ಪುಪ್ಪುಸದಲ್ಲಿ ಹೋಗಿ ಕೂರುತ್ತೆ. ಎಕ್ಸ್-ರೇಯಲ್ಲಿ ಅಲ್ಲೊಂದು ಇಲ್ಲೊಂದು ಕಲೆ ಕಂಡರೆ ನ್ಯುಮೋನಿಯಾ ಅನ್ನಿಸೋದು ಸಹಜ. ರೋಗದ ಬೇರು ಒಂದು ಕಡೆ, ಫಲ ಇನ್ನೊಂದು ಕಡೆ.

ಕೊನೆಗೆ ದೊಡ್ಡ ಊರಿನ ಒಬ್ಬ ಹಿರಿಯ ವೈದ್ಯರು ಅಂಗಿ ಬಿಚ್ಚಿಸಿ, ಪೇಸ್‌ಮೇಕರ್ ಇದ್ದ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಅಲ್ಲಿವರೆಗೆ ಯಾರೂ ಅದನ್ನು ಮುಟ್ಟಿರಲಿಲ್ಲ. ಚರ್ಮ ಸ್ವಲ್ಪ ಬೆಚ್ಚಗಿತ್ತು, ಅಷ್ಟೇ. ಆಂಟಿಬಯಾಟಿಕ್ ನಿಲ್ಲಿಸಿ, ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಬ್ಲಡ್ ಕಲ್ಚರಿಗೆ ರಕ್ತ ತೆಗೆಸಿದರು. ಕ್ರಿಮಿ ಬೆಳೆಯಿತು. ಟಿಇಇನಲ್ಲಿ ಲೀಡಿನ ಮೇಲೆ ಎಳೆಯಂಥದ್ದೇನೋ ಕಂಡಿತು. ಆದರೆ ಅಂಥ ಎಳೆ ಸೋಂಕಿಲ್ಲದವರ ಲೀಡಿನ ಮೇಲೂ ಇರಬಹುದು, ಬರೀ ರಕ್ತದ ಹೆಪ್ಪು ಆಗಿರಬಹುದು ಅಂದರು. ಆಗ ಕೇಳಿದ್ದು ನಾನು ಮೊದಲ ಸಲ ಆ ಹೆಸರು: ಪೆಟ್ ಸ್ಕ್ಯಾನ್. "ಅದು ಕ್ಯಾನ್ಸರಿಗೆ ಮಾಡೋದಲ್ಲವಾ?" ಅಂತ ನಮ್ಮ ಮನೆಯವರೆಲ್ಲ ಹೆದರಿಬಿಟ್ಟರು.

ಸಕ್ಕರೆಯ ಜಾಡು

ಕ್ಯಾನ್ಸರಿಗೆ ಅಂತಲೇ ಹೆಸರಾಗಿದ್ದು ನಿಜ. ಕ್ಯಾನ್ಸರ್ ಕಣಗಳು ಗ್ಲೂಕೋಸನ್ನು ಹೆಚ್ಚು ಬಳಸುತ್ತವೆ ಅಂತ ಜರ್ಮನಿಯ ಆಟೋ ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಗ್ಲೂಕೋಸಿನಂಥ ಅಣುವಿಗೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದರೆ, ಸಕ್ಕರೆ ಎಲ್ಲಿ ಹೋಗುತ್ತೋ ಅಲ್ಲಿ ಬೆಳಕು. ಹೀಗೆ ತಯಾರಾದ ಎಫ್‌ಡಿಜಿಯನ್ನು 1976ರಲ್ಲಿ ಫಿಲಡೆಲ್ಫಿಯಾದಲ್ಲಿ ಅಬಾಸ್ ಅಲಾವಿ ಮತ್ತು ಸಂಗಡಿಗರು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. 1998ರಲ್ಲಿ ಡೇವಿಡ್ ಟೌನ್‌ಸೆಂಡ್ ಮತ್ತು ರಾನ್ ನಟ್ ಪೆಟ್ ಮತ್ತು ಸಿಟಿ ಎರಡನ್ನೂ ಒಂದೇ ಯಂತ್ರದಲ್ಲಿ ಜೋಡಿಸಿದರು. ಬೆಳಕು ಎಲ್ಲಿದೆ ಅನ್ನೋದಕ್ಕೆ ಜಾಗದ ನಕ್ಷೆಯೂ ಸಿಕ್ಕಿತು.

ಆದರೆ ಕ್ಯಾನ್ಸರ್ ವೈದ್ಯರಿಗೆ ಒಂದು ಕಿರಿಕಿರಿ ಇತ್ತು. ಕ್ಯಾನ್ಸರ್ ಇಲ್ಲದ, ಬರೀ ಉರಿಯೂತ ಇರುವ ಕಡೆಯೂ ಹೊಳೆಯುತ್ತೆ! 1992ರಲ್ಲಿ ಜಪಾನಿನ ಕುಬೋಟಾ ಮತ್ತು ಸಂಗಡಿಗರು ಕಾರಣ ತೋರಿಸಿದರು: ಗೆಡ್ಡೆಯೊಳಗಿನ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕಣಗಳೂ ಈ ಸಕ್ಕರೆಯನ್ನು ಬಾಚಿ ನುಂಗುತ್ತವೆ. ಕ್ರಿಮಿಯ ಜೊತೆ ಹೋರಾಡುವ ಕಣಗಳಿಗೂ ಹಸಿವು ಜಾಸ್ತಿ. ಒಬ್ಬರ ತಲೆನೋವು ಇನ್ನೊಬ್ಬರಿಗೆ ಔಷಧಿಯಾಯಿತು ನೋಡಿ.

ಇದಕ್ಕೂ ಮೊದಲು ಬೇರೆ ದಾರಿಗಳಿದ್ದವು. 1970ರ ದಶಕದಲ್ಲಿ ಗ್ಯಾಲಿಯಂ-67 ಬಂತು. 1976ರಲ್ಲಿ ಮೆಕಾಫಿ ಮತ್ತು ಠಾಕೂರ್ ರೋಗಿಯದೇ ಬಿಳಿ ರಕ್ತಕಣಗಳಿಗೆ ಇಂಡಿಯಂ-111 ಹಚ್ಚುವ ವಿಧಾನ ಕೊಟ್ಟರು. ಕಣಗಳು ಸೋಂಕು ಇರುವಲ್ಲಿಗೆ ತಾವೇ ಹೋಗುತ್ತವೆ, ಕ್ಯಾಮೆರಾ ಅವುಗಳ ಹಿಂದೆ ಹೋಗುತ್ತೆ. ನಿಖರ ವಿಧಾನ, ಆದರೆ ಸಮಯ ಬೇಕು, ರಕ್ತ ತೆಗೆದು ಜೋಪಾನವಾಗಿ ಸಂಸ್ಕರಿಸಬೇಕು.

2011-12ರ ಸುಮಾರಿಗೆ ಫ್ರಾನ್ಸ್ ಮತ್ತು ಕೆನಡಾದ ವೈದ್ಯರು ಪೇಸ್‌ಮೇಕರ್ ಸೋಂಕಿನ ಅನುಮಾನ ಇದ್ದವರಿಗೆ ಎಫ್‌ಡಿಜಿ ಪೆಟ್ ಮಾಡಿ ಫಲಿತಾಂಶ ಪ್ರಕಟಿಸತೊಡಗಿದರು. 2013ರಲ್ಲಿ ಮಾರ್ಸೆಯ ಸಾಬಿ ಮತ್ತು ಸಂಗಡಿಗರು ಕೃತಕ ಕವಾಟ ಇದ್ದ 72 ರೋಗಿಗಳಲ್ಲಿ ನೋಡಿದ್ದು: ಡ್ಯೂಕ್ ಮಾನದಂಡಕ್ಕೆ ಪೆಟ್ ಸೇರಿಸಿದರೆ ರೋಗ ಹಿಡಿಯುವ ಪ್ರಮಾಣ ಶೇಕಡಾ 70ರಿಂದ 97ಕ್ಕೆ ಏರಿತು. 2015ರಲ್ಲಿ ಯುರೋಪಿನ ಹೃದ್ರೋಗ ತಜ್ಞರ ಸಂಘ ಕೃತಕ ಕವಾಟಗಳ ಸೋಂಕಿಗೆ ಇದನ್ನು ತನ್ನ ಮಾನದಂಡದಲ್ಲಿ ಸೇರಿಸಿತು. 2023ರ ಹೊಸ ಡ್ಯೂಕ್ ಮಾನದಂಡದಲ್ಲಿ ಪೇಸ್‌ಮೇಕರ್ ಲೀಡಿನ ಹೊಳಪಿಗೂ ಜಾಗ ಸಿಕ್ಕಿತು.

ಪೆಟ್ ಕೂಡ ದೇವರಲ್ಲ. ಜೇಬಿನ ಸೋಂಕನ್ನು ಚೆನ್ನಾಗಿ ಹಿಡಿಯುತ್ತೆ. ಲೀಡಿನ ಮೇಲಿನ ಸಣ್ಣ ಗಂಟು ಬಡಿತಕ್ಕೆ ಅಲ್ಲಾಡುತ್ತಾ ತಪ್ಪಿಸಿಕೊಳ್ಳಬಹುದು. ಹೊಸದಾಗಿ ಯಂತ್ರ ಹಾಕಿದ ಮೊದಲ ವಾರಗಳಲ್ಲಿ ಗಾಯ ಮಾಯುವ ಉರಿಯೂತವೇ ಹೊಳೆಯುತ್ತೆ. ಲೋಹದ ಸುತ್ತ ಲೆಕ್ಕಾಚಾರದ ದೋಷದಿಂದ ಸುಳ್ಳು ಹೊಳಪೂ ಬರುತ್ತೆ, ಅದಕ್ಕೆ ತಿದ್ದುಪಡಿ ಮಾಡದ ಮೂಲ ಚಿತ್ರವನ್ನೂ ನೋಡಬೇಕು.

110 ನಿಮಿಷದ ಲೆಕ್ಕ

ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅಷ್ಟು ಹೊತ್ತಿಗೆ ಅರ್ಧ ಖಾಲಿ. ಬೆಂಗಳೂರಲ್ಲಿ ತಯಾರಾದ ಔಷಧಿ ರಾಣೇಬೆನ್ನೂರಿಗೆ ಬರಲು ಐದೂವರೆ ಗಂಟೆ ಅಂತ ಇಟ್ಟುಕೊಳ್ಳಿ. 330 ನಿಮಿಷ, ಮೂರು ಅರ್ಧಾಯುಷ್ಯ. ಎಂಟರಲ್ಲಿ ಒಂದು ಪಾಲು ಉಳಿಯುತ್ತೆ. ಎಂಟು ಬಿಂದಿಗೆ ತುಂಬಿ ಹೊರಟರೆ ಊರು ಮುಟ್ಟೋದು ಒಂದೇ ಬಿಂದಿಗೆ! ಅದಕ್ಕೇ ಈ ಪರೀಕ್ಷೆ ಸೈಕ್ಲೋಟ್ರಾನ್ ಹತ್ತಿರ ಇರುವ ನಗರಗಳಿಗೆ ಅಂಟಿಕೊಂಡಿದೆ. ಭಾರತದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಮುಂಬೈಯಲ್ಲಿ ಶುರುವಾದದ್ದೇ 2002ರಲ್ಲಿ. ಔಷಧಿ ನಮ್ಮ ಕಡೆ ಬರೋದಿಲ್ಲ, ನಾವೇ ಅದರ ಕಡೆ ಹೋಗಬೇಕು.

ಇನ್ನೊಂದು ತಮಾಷೆ ಏನಂದ್ರೆ ಊಟದ ಪಥ್ಯ. ಹೃದಯದ ಸ್ನಾಯುವೂ ಗ್ಲೂಕೋಸ್ ತಿನ್ನುತ್ತೆ. ಅದು ಹೊಳೆದರೆ ಪಕ್ಕದ ಸೋಂಕು ಕಾಣೋದಿಲ್ಲ. ಹಾಗಾಗಿ ಹಿಂದಿನ ದಿನ ಪಿಷ್ಟ ಬಿಟ್ಟು ಕೊಬ್ಬಿನ ಆಹಾರ, ಆಮೇಲೆ ದೀರ್ಘ ಉಪವಾಸ. ಆಗ ಹೃದಯ ಕೊಬ್ಬನ್ನು ಉರಿಸುತ್ತೆ, ಸಕ್ಕರೆ ಬಿಡುತ್ತೆ. ಜೋಳದ ರೊಟ್ಟಿ ಇಲ್ಲ, ಅನ್ನ ಇಲ್ಲ, ಚಹಾಕ್ಕೆ ಸಕ್ಕರೆ ಇಲ್ಲ ಅಂದರೆ ನಮ್ಮ ಕಾಕಾ, "ಹಂಗಾರ ಉಣ್ಣೋದರ ಏನು?" ಅಂದ. ಮೊಟ್ಟೆ, ಪನೀರು, ತುಪ್ಪದಲ್ಲಿ ದಿನ ಕಳೆದ. ಪಥ್ಯ ತಪ್ಪಿದರೆ ಅಷ್ಟು ದುಡ್ಡಿನ ಪರೀಕ್ಷೆ ನೀರಿಗೆ ಹಾಕಿದ ಹಾಗೆ.

ಚಿತ್ರದಲ್ಲಿ ಜೇಬೂ ಹೊಳೆಯಿತು, ಲೀಡಿನ ಉದ್ದಕ್ಕೂ ಒಂದು ಗೆರೆ ಹೊಳೆಯಿತು. ಕಲ್ಚರು, ಟಿಇಇ, ಪೆಟ್ ಮೂರೂ ಒಂದೇ ಮಾತು ಹೇಳಿದವು. ಯಂತ್ರ, ಲೀಡು ಎಲ್ಲ ತೆಗೆದು, ವಾರಗಟ್ಟಲೆ ಇಂಜೆಕ್ಷನ್ ಕೊಟ್ಟು, ಆಮೇಲೆ ಇನ್ನೊಂದು ಬದಿಗೆ ಹೊಸದನ್ನು ಹಾಕಿದರು. ಕಾಕಾ ಈಗಲೂ ಹೊಲಕ್ಕೆ ಹೋಗುತ್ತಾನೆ. ಎರಡು ಎಕರೆ ಮಾತ್ರ ಆಸ್ಪತ್ರೆಗೆ ಹೋಯಿತು.

ಆ ಎರಡು ಎಕರೆ ನನ್ನನ್ನು ಕಾಡುತ್ತೆ. ಅದರಲ್ಲಿ ಹೆಚ್ಚಿನ ಪಾಲು ಪೆಟ್ ಸ್ಕ್ಯಾನಿಗೆ ಹೋದದ್ದಲ್ಲ. ಅದಕ್ಕೂ ಮೊದಲಿನ ಐದು ತಿಂಗಳ "ನಾರ್ಮಲ್" ರಿಪೋರ್ಟುಗಳಿಗೆ ಹೋದದ್ದು. ಬ್ಲಡ್ ಕಲ್ಚರು ದುಬಾರಿ ಪರೀಕ್ಷೆಯಲ್ಲ. ಅಂಗಿ ಬಿಚ್ಚಿಸಿ ಮುಟ್ಟಿ ನೋಡೋದಕ್ಕೆ ದುಡ್ಡೇ ಬೇಡ.

ಹೆದರಿಸೋಕೆ ಇದನ್ನು ಬರೀತಿಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರಲ್ಲಿ ಬಹುಪಾಲು ಜನರಿಗೆ ಸೋಂಕು ಬರೋದಿಲ್ಲ. ಮುಂಬೈನ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ ಅಮೆರಿಕದಲ್ಲಿ ತೀರಿಕೊಂಡವರಿಂದ ದಾನವಾಗಿ ಬಂದ ಪೇಸ್‌ಮೇಕರುಗಳನ್ನು ಶುದ್ಧೀಕರಿಸಿ 53 ಬಡರೋಗಿಗಳಿಗೆ ಹಾಕಿದ್ದರು. ಅವರಲ್ಲಿ ಸೋಂಕು ಕಾಣಲಿಲ್ಲ ಅಂತ ವರದಿಯಾಗಿದೆ. 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹೀಗೆ ಮರುಬಳಕೆಯ ಯಂತ್ರ ಪಡೆದ 1051 ಜನರಲ್ಲಿ ಎರಡು ವರ್ಷದಲ್ಲಿ ಸೋಂಕು ಶೇಕಡಾ 2.0, ಹೊಸ ಯಂತ್ರದವರಲ್ಲಿ 1.2. ಸಂಖ್ಯಾಶಾಸ್ತ್ರದ ಪ್ರಕಾರ ಗಮನಾರ್ಹ ವ್ಯತ್ಯಾಸ ಅಲ್ಲ. ಅಂದರೆ ನೂರರಲ್ಲಿ ಒಬ್ಬಿಬ್ಬರು. ಆ ಒಬ್ಬಿಬ್ಬರು ನಮ್ಮ ಮನೆಯವರೇ ಆಗಿದ್ದಾಗ ಮಾತ್ರ ಲೆಕ್ಕ ಬೇರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್, ಐಸಿಡಿ ಅಥವಾ ಕೃತಕ ಕವಾಟ ಇದ್ದರೆ ಇಷ್ಟು ಮಾಡಿ. ಕಾರಣ ತಿಳಿಯದ ಜ್ವರ ಬಂದರೆ, ಹೋದ ಕೂಡಲೇ "ಎದೆಯಲ್ಲಿ ಯಂತ್ರ ಇದೆ" ಅಂತ ಮೊದಲು ಹೇಳಿ, ಕಾರ್ಡು ತೋರಿಸಿ. ಆಂಟಿಬಯಾಟಿಕ್ ಶುರು ಮಾಡುವ ಮುಂಚೆ ಬ್ಲಡ್ ಕಲ್ಚರ್ ಮಾಡ್ತೀರಾ ಅಂತ ಕೇಳಿ. ಯಂತ್ರದ ಮೇಲಿನ ಚರ್ಮ ಕೆಂಪಾದರೆ, ಊದಿದರೆ, ಸೋರಿದರೆ ಸೂಜಿ ಚುಚ್ಚಿ ಕೀವು ತೆಗೆಯಲು ಬಿಡಬೇಡಿ, ಹೊಸ ಕ್ರಿಮಿ ಒಳಗೆ ಹೋಗುತ್ತೆ. ಯಂತ್ರ ಹಾಕಿದ ಆಸ್ಪತ್ರೆಗೇ ನೇರ ಹೋಗಿ.

ಅಂಟಿಕೊಂಡ ಲೀಡನ್ನು ಹೊರತೆಗೆಯೋದು ಹೇಗೆ ಅನ್ನೋದು ಇನ್ನೊಂದು ರೋಚಕ ಇತಿಹಾಸ, ರಾಟೆಗೆ ಹಗ್ಗ ಕಟ್ಟಿ ತೂಕ ತೂಗುಬಿಡುತ್ತಿದ್ದ ಕಾಲದಿಂದ ಲೇಸರ್ ತನಕ. ಅದನ್ನು ಮುಂದಿನ ಸಲ ಬರೆಯುತ್ತೇನೆ. ಬ್ಲಾಗಿಗ ಮಿತ್ರರಲ್ಲಿ ವೈದ್ಯರಿದ್ದರೆ, ಮೇಲಿನದರಲ್ಲಿ ಸೇರಿಸಬೇಕಾದ್ದು ಏನಾದರೂ ಇದ್ದರೆ ಕಾಮೆಂಟಿನಲ್ಲಿ ಬರೆಯಿರಿ. ನಿಮ್ಮ ಮನೆಯ "ನಾರ್ಮಲ್" ರಿಪೋರ್ಟಿನ ಕಥೆ ಇದ್ದರೆ ಅದನ್ನೂ ಹಂಚಿಕೊಳ್ಳಿ.